ಪಹಣಿ ಇಲ್ಲದ ಊರಿನಲ್ಲಿ ಒಂದು ದಿನ

ಮಕ್ಕಳೇ, ಶಾಲೆಯ ಭೂಪಟದ ಪುಸ್ತಕ ಹತ್ತಿರವಿದ್ದರೆ ಫ್ರಾನ್ಸ್ ದೇಶದ ಪುಟ ತೆಗೆಯಿರಿ. ಎಡಗಡೆ, ಅಟ್ಲಾಂಟಿಕ್ ಸಾಗರದ ಕಡೆಗೆ, ಬೋರ್ದೋ ಎಂಬ ನಗರ ಕಾಣುತ್ತದೆ. ಅಲ್ಲಿಂದ ಕೆಳಕ್ಕೆ ಕರಾವಳಿ ಅಡಿಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ಒಂದೇ ಒಂದು ಕಡೆ ಮಾತ್ರ ರೊಟ್ಟಿಯನ್ನು ಇಲಿ ಕಚ್ಚಿದ ಹಾಗೆ ಒಂದು ತುಣುಕು ಕಾಣೆಯಾಗಿದೆ. ಅದೇ ಆರ್ಕಶೋನ್ ಕೊಲ್ಲಿ. ಆ ಕೊಲ್ಲಿಗೂ ಸಾಗರಕ್ಕೂ ನಡುವೆ, ಉತ್ತರದಿಂದ ದಕ್ಷಿಣಕ್ಕೆ ಬೆರಳು ಚಾಚಿದಂತೆ ಇರುವ ಮರಳಿನ ಪಟ್ಟಿಯೇ ಕಾಪ್ ಫೆರೆ ಪರ್ಯಾಯ ದ್ವೀಪ. ಉದ್ದ ಸುಮಾರು 25 ಕಿಲೋಮೀಟರ್. ಅಗಲ ಎಷ್ಟು ಕಡಿಮೆಯೆಂದರೆ, ತುದಿಯ ಊರಿನಲ್ಲಿ ಒಂದು ಕಡಲಿನಲ್ಲಿ ಕಾಲು ತೊಳೆದು ಇನ್ನೊಂದು ಕಡಲಿಗೆ ನಡೆದೇ ಹೋಗಬಹುದು, ನನ್ನಂಥ ಎಪ್ಪತ್ತನಾಲ್ಕರ ಮುದುಕ ಕೂಡ.

ನಮ್ಮ ಮಗಳು, ಅಳಿಯ ಬೋರ್ದೋದಲ್ಲಿ ಕೆಲಸದಲ್ಲಿದ್ದಾರೆ. ಮೂರು ತಿಂಗಳ ಮಟ್ಟಿಗೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಸೆಪ್ಟೆಂಬರಿನ ಒಂದು ಶನಿವಾರ ಮೊಮ್ಮಗಳು ಪುಟ್ಟಿಯ ಹಟಕ್ಕೆ ಎಲ್ಲರೂ ಹೊರಟೆವು. ಬೋರ್ದೋದಿಂದ ಆರ್ಕಶೋನಿಗೆ ರೈಲಿನಲ್ಲಿ ಒಂದು ತಾಸಿಗೂ ಕಡಿಮೆ. ಅಲ್ಲಿಂದ ದೋಣಿಯಲ್ಲಿ ಅರ್ಧ ತಾಸು. ನಾನು ಹುಟ್ಟಿ ಬೆಳೆದದ್ದು ಕುಮಟೆಯ ಕಡೆ, ಅಘನಾಶಿನಿಯ ದಂಡೆಯಲ್ಲಿ. ಆದ್ದರಿಂದ ದೋಣಿ ಎಂದರೆ ನನಗೆ ಹೆದರಿಕೆಯಿಲ್ಲ. ಘಟ್ಟದ ಮೇಲಿನಿಂದ ಬಂದ ಇವಳು ಮಾತ್ರ ಅರ್ಧ ತಾಸೂ ನನ್ನ ತೋಳು ಬಿಡಲಿಲ್ಲ.

ದೋಣಿಯಿಂದ ಎಡಕ್ಕೆ ನೋಡಿದರೆ ಪಿಲಾ ಎಂಬ ಮರಳುಗುಡ್ಡ. ಯುರೋಪಿನಲ್ಲೇ ಎಲ್ಲಕ್ಕಿಂತ ಎತ್ತರದ ಮರಳು ದಿಬ್ಬವಂತೆ, ನೂರು ಮೀಟರಿಗೂ ಹೆಚ್ಚು. ಬಲಗಡೆ ಕೊಲ್ಲಿಯ ನಡುವೆ ಹಕ್ಕಿಗಳ ದ್ವೀಪ. ಅದರ ಹತ್ತಿರ ಉದ್ದನೆಯ ಕಾಲುಗಳ ಮೇಲೆ ನಿಂತ ಎರಡು ಮರದ ಮನೆಗಳಿವೆ. ಹಿಂದೆ ಸಿಂಪಿಯ ತೋಟ ಕಾಯುವವರು ಇಂಥ ಮನೆಗಳಲ್ಲಿ ಇರುತ್ತಿದ್ದರು. ನಮ್ಮಲ್ಲಿ ಜೋಳದ ಹೊಲಕ್ಕೆ ಅಟ್ಟಣೆ ಕಟ್ಟಿ ಕಾಯುವುದಿಲ್ಲವೇ, ಹಾಗೆಯೇ ಇದು, ನೀರಿನ ಹೊಲಕ್ಕೆ.

ಸಿಂಪಿ ಎಂದರೆ ಆಯ್ಸ್ಟರ್. ಎರಡು ಒರಟು ಚಿಪ್ಪಿನ ನಡುವೆ ಬದುಕುವ ಮೆತ್ತನೆಯ ಪ್ರಾಣಿ. “ಒಳಗೆ ಮುತ್ತು ಇರ್ತದಾ ಅಜ್ಜ?” ಎಂದು ಪುಟ್ಟಿ ಕೇಳಿದಳು. ಇರುವುದಿಲ್ಲ. ಒಡವೆಗೆ ಬರುವ ಮುತ್ತು ಕೊಡುವ ಚಿಪ್ಪಿನ ಜಾತಿಯೇ ಬೇರೆ. ಇವು ಊಟಕ್ಕೆ ಬೆಳೆಸುವಂಥವು.

ಈ ಕೊಲ್ಲಿಯ ಉಬ್ಬರ ಇಳಿತ ನಮ್ಮ ಕಡಲಿನಂತೆ ಸೌಮ್ಯವಲ್ಲ. ದೊಡ್ಡ ಉಬ್ಬರದ ದಿನ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ನೀರು ತುಂಬಿದಾಗ ಕೊಲ್ಲಿಯ ವಿಸ್ತಾರ ಸುಮಾರು 150 ಚದರ ಕಿಲೋಮೀಟರ್, ಇಳಿದಾಗ 40. ಉಳಿದದ್ದೆಲ್ಲ ಕೆಸರು, ಮರಳು, ಕಡಲ ಹುಲ್ಲು. ದಿನಕ್ಕೆ ಎರಡು ಸಲ ಹೀಗೆ. ಇಂಥ ಜಾಗದಲ್ಲಿ ಗಡಿಯಾರಕ್ಕಿಂತ ನೀರಿಗೇ ಹೆಚ್ಚು ಮರ್ಯಾದೆ.

ದೋಣಿ ಇಳಿದು ಮೊದಲು ದೀಪಸ್ತಂಭಕ್ಕೆ ಹೋದೆವು. 1840ರಲ್ಲಿ ಕಟ್ಟಿದ್ದ ಹಳೆಯ ದೀಪಸ್ತಂಭವನ್ನು 1944ರ ಆಗಸ್ಟಿನಲ್ಲಿ, ಮಹಾಯುದ್ಧದಲ್ಲಿ ಸೋತು ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಸಿಡಿಸಿ ಹಾಕಿತು. ಯುದ್ಧ ಮುಗಿದ ಮೇಲೆ ಕಟ್ಟಿದ್ದು ಈಗಿರುವುದು. ತಲೆಗೆ ಕೆಂಪು ಬಣ್ಣ, ಮೈಗೆ ಬಿಳಿ. ಮೆಟ್ಟಿಲು 258. ಇವಳು ಕೆಳಗೆ ಬೆಂಚಿನ ಮೇಲೆ ಕುಳಿತು, “ನೀವು ಹೋಗಿ ಬನ್ನಿ, ನನ್ನ ಮಂಡಿಗೆ ಇದೇ ದೀಪಸ್ತಂಭ” ಎಂದಳು. ಪುಟ್ಟಿ ಮೆಟ್ಟಿಲುಗಳನ್ನು ನೂರರ ತನಕ ಕನ್ನಡದಲ್ಲಿ ಎಣಿಸಿದಳು, ಆಮೇಲೆ ಫ್ರೆಂಚಿಗೆ ತಿರುಗಿದಳು. ನಾನು ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದೆ.

ಮೇಲಿನಿಂದ ನೋಡಿದರೆ ಆ ಭೂಮಿಯ ಬಡತನ ಗೊತ್ತಾಗುತ್ತದೆ. ಒಂದು ಕಡೆ ಸಾಗರದ ಬಿಳಿ ನೊರೆ, ಇನ್ನೊಂದು ಕಡೆ ಕೊಲ್ಲಿಯ ತಿಳಿ ಹಸಿರು, ನಡುವೆ ಒಂದಿಷ್ಟು ಪೈನ್ ಮರ. ಕಲ್ಲಿಲ್ಲ, ಗುಡ್ಡವಿಲ್ಲ. ಉತ್ತರದಿಂದ ಕಡಲ ಸೆಳೆತ ತಂದು ಹಾಕಿದ ಮರಳೇ ಶತಮಾನಗಳಲ್ಲಿ ಇಷ್ಟುದ್ದ ಬೆಳೆದಿದೆ. ಮರಳು ಹಾರಿ ಹೋಗದಿರಲೆಂದು ಈ ಕರಾವಳಿಯುದ್ದಕ್ಕೂ 19ನೇ ಶತಮಾನದಲ್ಲಿ ಪೈನ್ ಕಾಡು ಬೆಳೆಸಿದರು. ನಮ್ಮ ಕರಾವಳಿಯಲ್ಲಿ ಗಾಳಿಮರ ನೆಟ್ಟದ್ದೂ ಇದೇ ಲೆಕ್ಕಕ್ಕೆ. ಆದರೆ ಮರಳು ತಂದ ಕಡಲೇ ಮರಳನ್ನು ವಾಪಸು ಕೇಳುತ್ತಿದೆ. ದಕ್ಷಿಣದ ತುದಿ ಕರಗುತ್ತಿದೆ. ಅಲ್ಲಿನ ನಿವಾಸಿಯೊಬ್ಬರು ಹಲವು ದಶಕಗಳಿಂದ ಲಾರಿಗಟ್ಟಲೆ ಕಲ್ಲು ತರಿಸಿ ತುದಿಗೆ ಸುರಿಸುತ್ತಾ ಬಂದಿದ್ದಾರೆ. ಅಳಿಯಂದಿರು ಇದನ್ನು ಹೇಳಿದಾಗ ನನಗೆ ಮೊದಲು ಹೊಳೆದದ್ದು ಆ ಕಲ್ಲಿನ ಖರ್ಚು. ಬ್ಯಾಂಕಿನ ಬುದ್ಧಿ ಎಲ್ಲಿ ಹೋಗುತ್ತದೆ?

ಸಾಗರದ ಕಡೆಯ ಬೀಚು ಬಹಳ ಚಂದ. ಮೈಲಿಗಟ್ಟಲೆ ಬರೀ ಮರಳು. ನಡುನಡುವೆ ಓರೆಯಾಗಿ ಬಿದ್ದ ದೊಡ್ಡ ಕಾಂಕ್ರೀಟು ಗೂಡುಗಳಿವೆ. ಯುದ್ಧಕಾಲದಲ್ಲಿ ಜರ್ಮನರು ಮರಳುದಿಬ್ಬದ ಮೇಲೆ ಕಟ್ಟಿದ್ದ ಬಂಕರುಗಳು ಅವು. ದಿಬ್ಬ ಹಿಂದೆ ಸರಿದು ಈಗ ಅಲೆಗೆ ಸಿಕ್ಕಿವೆ. ಚಂದವೆಂದು ಎಲ್ಲೆಂದರಲ್ಲಿ ನೀರಿಗಿಳಿಯುವ ಹಾಗಿಲ್ಲ. ಅಲ್ಲಿ ದಡಕ್ಕೆ ಅಂಟಿಕೊಂಡು ತಿಳಿಯಾದ ಹೊಂಡಗಳು ಆಗುತ್ತವೆ, ಅವರ ಮಾತಿನಲ್ಲಿ ‘ಬೈನ್’. ನೋಡಿದರೆ ಮಕ್ಕಳು ಆಡಲೆಂದೇ ಮಾಡಿಟ್ಟ ಕೆರೆಯಂತೆ ಕಾಣುತ್ತದೆ. ಆದರೆ ಆ ಹೊಂಡದ ನೀರು ಒಂದು ಸಂದಿಯಿಂದ ಕಡಲಿಗೆ ರಭಸವಾಗಿ ನುಗ್ಗುತ್ತದೆ, ಒಳ್ಳೆಯ ಈಜುಗಾರನನ್ನೂ ಎಳೆದೊಯ್ಯುತ್ತದೆ. ಹಾಗೆ ಸಿಕ್ಕಿಕೊಂಡವರು ಸೆಳೆತಕ್ಕೆ ಎದುರಾಗಿ ಈಜಿ ದಣಿಯಬಾರದು, ತೇಲುತ್ತಾ ಕೈ ಎತ್ತಿ ಸಹಾಯ ಕೇಳಬೇಕು ಎಂದು ಅಲ್ಲಿನ ಶಾಲೆಯಲ್ಲಿ ಹೇಳಿಕೊಡುತ್ತಾರಂತೆ. ಪುಟ್ಟಿಗೆ ಗೊತ್ತಿತ್ತು. ಕಾವಲುಗಾರರು ಬಾವುಟ ನೆಟ್ಟ ಜಾಗದಲ್ಲಿ ಮಾತ್ರ ಅವಳು ನೀರಿಗಿಳಿದಳು. ಗೋಕರ್ಣದಲ್ಲಿ, ಮುರ್ಡೇಶ್ವರದಲ್ಲಿ ಸೆಲ್ಫಿ ತೆಗೆಯುತ್ತಾ ಅಲೆಗೆ ಬೆನ್ನು ಕೊಡುವ ಹುಡುಗರು ನನಗೆ ನೆನಪಾದರು.

ಮಧ್ಯಾಹ್ನ ಬಸ್ಸು ಹತ್ತಿ ಕೊಲ್ಲಿಯ ಬದಿಯ ಲೆರ್ಬ್ ಎಂಬ ಹಳ್ಳಿಗೆ ಹೋದೆವು. ಸಿಂಪಿ ಬೆಳೆಯುವವರ ಊರು. ಲೆರ್ಬ್, ಲ ಕಾನೋ, ಪಿರಾಯಾನ್, ಹೀಗೆ ಇಂಥ ಹಳ್ಳಿಗಳು ದಡದುದ್ದಕ್ಕೂ ಇವೆ. ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಂಥ ಓಣಿ. ಎರಡೂ ಕಡೆ ಹಲಗೆಯ ಪುಟ್ಟ ಮನೆಗಳು, ನೀಲಿ ಹಸಿರು ಕಿಟಕಿ ಬಾಗಿಲು, ಗೋಡೆಯ ಬುಡದಲ್ಲಿ ಆಳೆತ್ತರದ ಹೂವಿನ ಗಿಡ. ಊರಿನ ಅಂಚಿಗೆ ಒಂದು ವಿಚಿತ್ರ ಪ್ರಾರ್ಥನಾ ಮಂದಿರವಿದೆ. ಆಲ್ಜೀರಿಯಾದ ಆಲ್ಜಿಯರ್ಸ್ ಬಂದರಿನ ಕೆಲಸ ಮಾಡಿಸಿದ್ದ ಲೆಸ್ಕಾ ಎಂಬ ಗುತ್ತಿಗೆದಾರ 19ನೇ ಶತಮಾನದಲ್ಲಿ ಇಲ್ಲಿ ಅರಬ್ಬರ ಶೈಲಿಯ ದೊಡ್ಡ ಬಂಗಲೆ ಕಟ್ಟಿಸಿದ್ದ. ಬಂಗಲೆಯನ್ನು 1960ರ ದಶಕದಲ್ಲಿ ಕೆಡವಿದರು, ಮಂದಿರ ಉಳಿಯಿತು. ಅದರ ಮೇಲೆ ಶಿಲುಬೆಯೂ ಇದೆ, ಅರ್ಧಚಂದ್ರವೂ ಇದೆ.

ಅಳಿಯಂದಿರು ಹಬ್ಬದ ದಿನಗಳಲ್ಲಿ ಸಿಂಪಿ ಕೊಳ್ಳುವುದು ಅಲ್ಲಿನ ಒಬ್ಬ ಹಿರಿಯರ ಗುಡಿಸಲಿನಿಂದ. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಕೈ ನೋಡಿದರೆ ಸಾಕು, ಚಿಪ್ಪು ಕೊಯ್ದ ಗಾಯದ ಗೆರೆಗಳು ಹಸ್ತರೇಖೆಗಿಂತ ಜಾಸ್ತಿ. ಮಗಳು ನಡುವೆ ಕುಳಿತು ಇಬ್ಬರ ಮಾತನ್ನೂ ಅತ್ತಿತ್ತ ದಾಟಿಸಿದಳು. ನಾವಿಬ್ಬರೂ ಶುದ್ಧ ಸಸ್ಯಾಹಾರಿಗಳು ಎಂದು ತಿಳಿದಾಗ ಅವರಿಗೆ ಸಂಕಟವಾಯಿತು. ಬ್ರೆಡ್ಡು, ಬೆಣ್ಣೆ, ಒಂದಷ್ಟು ನಿಂಬೆಹಣ್ಣು ತಂದಿಟ್ಟರು. ಅಳಿಯಂದಿರು ಸಿಂಪಿಗೆ ನಿಂಬೆ ಹಿಂಡಿ ಹಸಿಯಾಗಿಯೇ ತಿಂದರು. ಇವಳು ಅತ್ತ ಮುಖ ಮಾಡಿ ಹೂವಿನ ಗಿಡ ನೋಡಿದಳು.

ಬೆಳೆಸುವ ಕ್ರಮ ಕೇಳಿ. ಬೇಸಿಗೆಯಲ್ಲಿ ಸಿಂಪಿ ಮೊಟ್ಟೆಯಿಡುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಗಳು ಎರಡು ಮೂರು ವಾರ ನೀರಿನಲ್ಲಿ ಅಲೆದು, ಆಮೇಲೆ ಗಟ್ಟಿ ಜಾಗ ಹುಡುಕಿ ಅಂಟಿಕೊಳ್ಳುತ್ತವೆ. ಅಂಟಿದವು ಮತ್ತೆ ಜನ್ಮದಲ್ಲಿ ಕದಲುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಇವರು ನೀರಿನಲ್ಲಿ ಹೆಂಚು ಜೋಡಿಸಿ ಇಟ್ಟಿರುತ್ತಾರೆ. ಬರೀ ಹೆಂಚಿಗೆ ಅಂಟಿದರೆ ಕೀಳುವಾಗ ಮರಿ ಒಡೆಯುತ್ತದೆ. ಹಾಗಾಗಿ ಹೆಂಚಿಗೆ ಸುಣ್ಣ, ಮರಳು ಕಲಸಿ ಬಳಿಯುತ್ತಾರೆ. ಸುಣ್ಣದ ಪದರದ ಸಮೇತ ಮರಿ ಸಲೀಸಾಗಿ ಬಿಟ್ಟು ಬರುತ್ತದೆ. 1865ರ ಸುಮಾರಿಗೆ ಈ ಉಪಾಯ ಕಂಡುಹಿಡಿದವರು ಆರ್ಕಶೋನಿನ ಮಿಶೆಲೆ ಎಂಬ ಗಾರೆ ಕೆಲಸದವರು. ಗಾರೆಯವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಹೇಳಿ! ನಮ್ಮ ಅಘನಾಶಿನಿಯಲ್ಲಿ ಇಳಿತದ ಹೊತ್ತು ಹೆಂಗಸರು ಬೆಳಚು ಹೆಕ್ಕುವುದನ್ನು ನೋಡಿ ಬೆಳೆದವನು ನಾನು. ನಮ್ಮಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ಎಲೆ ಅಡಿಕೆಗೆ. ಇಲ್ಲಿ ಸುಣ್ಣ ಹಚ್ಚಿ ಚಿಪ್ಪು ಬೆಳೆಸುತ್ತಾರೆ! ಇದನ್ನು ಮಗಳು ಹೇಳಿದಾಗ ಆ ಹಿರಿಯರು ತೊಡೆ ತಟ್ಟಿ ನಕ್ಕರು.

ಹೆಂಚಿನಿಂದ ಬಿಡಿಸಿದ ಮರಿಗಳನ್ನು ಬಲೆಯ ಚೀಲಕ್ಕೆ ತುಂಬಿ, ಕೊಲ್ಲಿಯ ನೆಲದಲ್ಲಿ ಕಬ್ಬಿಣದ ಮಂಚಗಳ ಮೇಲೆ ಇಡುತ್ತಾರೆ. ಇಳಿತದಲ್ಲಿ ಹೋಗಿ ಚೀಲ ತಿರುವಬೇಕು, ಕುಲುಕಬೇಕು, ಪಾಚಿ ಬಿಡಿಸಬೇಕು, ದೊಡ್ಡದು ಚಿಕ್ಕದು ವಿಂಗಡಿಸಬೇಕು. ಮಾರಾಟಕ್ಕೆ ಬರಲು ಸುಮಾರು ಮೂರು ವರ್ಷ. ಅಡಿಕೆ ತೋಟದವರಿಗೆ ಇದು ಅರ್ಥವಾದೀತು. ಗೊಬ್ಬರ, ಮೇವು ಏನೂ ಹಾಕುವುದಿಲ್ಲ. ಸಿಂಪಿ ಗಂಟೆಗೆ ಹಲವು ಲೀಟರ್ ನೀರನ್ನು ತನ್ನೊಳಗೆ ಸೋಸಿ ಅದರಲ್ಲಿರುವುದನ್ನು ತಿನ್ನುತ್ತದೆ. ನೀರಿನಲ್ಲಿ ಏನಿದೆಯೋ ಅದೇ ಅದರ ಹೊಟ್ಟೆಗೆ.

ಮೂವತ್ತನಾಲ್ಕು ವರ್ಷ ಸಾಲದ ಮೇಜಿನ ಹಿಂದೆ ಕುಳಿತವನು ಸುಮ್ಮನಿರಲಾರೆನಲ್ಲ. “ಈ ಮನೆಗೆ ಕಾಗದಪತ್ರ ಯಾರ ಹೆಸರಿನಲ್ಲಿದೆ?” ಎಂದು ಕೇಳಿಸಿದೆ. ಮಗಳು, “ಅಪ್ಪ, ಅದೆಲ್ಲ ಕೇಳ್ತಾರಾ?” ಎಂದು ಹಿಂಜರಿದಳು. ಅವರು ಬೇಜಾರಿಲ್ಲದೆ ಹೇಳಿದರು. ಕಾಗದವೇ ಇಲ್ಲ. ಆ ದಡವೆಲ್ಲ ಸರ್ಕಾರದ್ದು. ಸಿಂಪಿ ಬೆಳೆಯುವ ಕಸುಬು ಇರುವವರೆಗೆ ಇರಲು ಪರವಾನಗಿ, ಅಷ್ಟೆ. ತನ್ನದೆಂದು ಮಾರುವ ಹಾಗಿಲ್ಲ. ನೀರಿನೊಳಗಿನ ಹೊಲವೂ ಹಾಗೆಯೇ, ಸರ್ಕಾರ ಇಂತಿಷ್ಟು ವರ್ಷಕ್ಕೆಂದು ಕೊಟ್ಟದ್ದು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಊರಿಗೆ ಊರೇ ಪಹಣಿ ಇಲ್ಲದ್ದು. ಅಡಮಾನಕ್ಕೆ ಬರುವುದಿಲ್ಲ. ಅಂಥ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ಮ್ಯಾನೇಜರರ ಕೋಣೆಯ ತನಕವೂ ಹೋಗುತ್ತಿರಲಿಲ್ಲ. “ಹಾಗಾದರೆ ನಿಮಗೆ ಸಾಲ ಯಾವ ಭದ್ರತೆಯ ಮೇಲೆ ಕೊಡುತ್ತಿದ್ದರು?” ಎಂದೆ.

“ದೋಣಿಯ ಮೇಲೆ” ಎಂದರು. “1979ರಲ್ಲಿ ಆ ದೋಣಿ ಮಾರಿಯೇ ಬಾಕಿ ತೀರಿಸಿದೆ.”

ಆಮೇಲೆ ಅವರು ಹೇಳಿದ್ದು ನಾನು ಆ ಇಡೀ ಪ್ರವಾಸದಲ್ಲಿ ಕೇಳಿದ ದೊಡ್ಡ ಕಥೆ. ಮನೆಗೆ ಬಂದ ಮೇಲೆ ಮಗಳ ಕಂಪ್ಯೂಟರಿನಲ್ಲಿ ಒಂದಿಷ್ಟು ಓದಿ ಕೂಡ ನೋಡಿದೆ.

ಈ ಕೊಲ್ಲಿಯ ಸಿಂಪಿ ಎರಡು ಸಲ ಜಾತಿ ಬದಲಿಸಿದೆ. ಮೊದಲಿದ್ದದ್ದು ಅಲ್ಲಿನದೇ ಚಪ್ಪಟೆ ಸಿಂಪಿ. 1868ರಲ್ಲಿ ಪೋರ್ಚುಗಲ್ಲಿನ ಸಿಂಪಿ ಹೊತ್ತು ಬರುತ್ತಿದ್ದ ಹಡಗೊಂದು ಬಿರುಗಾಳಿಗೆ ಸಿಕ್ಕಿ, ಪಕ್ಕದ ಜಿರೋಂದ್ ನದಿಯ ಅಳಿವೆಯಲ್ಲಿ ತಂಗಿತು. ಸರಕು ಕೊಳೆಯಿತೆಂದು ಭಾವಿಸಿ ಎಲ್ಲವನ್ನೂ ನೀರಿಗೆ ಸುರಿದರು. ಸತ್ತವೆಂದುಕೊಂಡ ಸಿಂಪಿ ಬದುಕಿ ಹಬ್ಬಿತು. ನೂರು ವರ್ಷ ಅದೇ ಅನ್ನ ಹಾಕಿತು. 1970ರ ಸುಮಾರಿಗೆ ರೋಗ ಬಂದು ಅದೂ ನಾಶವಾಯಿತು. ಆಗ ಜಪಾನಿನ ಜಾತಿಯನ್ನು ತಂದು ಬಿಟ್ಟರು. ಈಗಿರುವುದು ಅದರ ಸಂತಾನ. ಅದು ನೆಲೆ ನಿಂತಿತು ಎನ್ನುವಷ್ಟರಲ್ಲಿ, 1970ರ ದಶಕದ ಕೊನೆಯಲ್ಲಿ, ಹೆಂಚಿನ ಮೇಲೆ ಮರಿ ಕೂರುವುದೇ ನಿಂತುಹೋಯಿತು. ಒಂದು ವರ್ಷ, ಎರಡು ವರ್ಷ, ಮೂರು ವರ್ಷ. ದೊಡ್ಡ ಸಿಂಪಿಗಳ ಚಿಪ್ಪು ಮಾತ್ರ ವಿಕಾರವಾಗಿ ದಪ್ಪಗಾಗತೊಡಗಿತು, ಒಳಗೆ ಪ್ರಾಣಿಗೇ ಜಾಗವಿಲ್ಲದಷ್ಟು.

“ಹೆಂಚು ಎತ್ತಿದರೆ ಖಾಲಿ. ಇಟ್ಟಷ್ಟೇ ಸ್ವಚ್ಛ” ಎಂದರು ಅವರು. “ನನ್ನ ತಂದೆ ಸುಣ್ಣ ಸರಿಯಿಲ್ಲವೆಂದು ನನಗೆ ಬೈದರು. ಮಾರನೆಯ ವರ್ಷ ತಾವೇ ಸುಣ್ಣ ಕಲಸಿದರು. ಆಗಲೂ ಖಾಲಿ.”

ಕಾರಣ ಏನೆಂದು ಫ್ರೆಂಚ್ ವಿಜ್ಞಾನಿಗಳು ಹುಡುಕಿದರು. ಸಿಕ್ಕಿದ್ದು ಬಣ್ಣದ ಡಬ್ಬಿ! ಕೊಲ್ಲಿಯಲ್ಲಿ ವಿಹಾರಕ್ಕೆಂದು ಬರುವವರ ದೋಣಿಗಳು ಸಾವಿರಾರು. ದೋಣಿಯ ತಳಕ್ಕೆ ಪಾಚಿ, ಹುಳ ಹುಪ್ಪಟೆ ಅಂಟದಿರಲೆಂದು ಬಳಿಯುವ ಬಣ್ಣದಲ್ಲಿ ಟ್ರೈಬ್ಯೂಟೈಲ್ ಟಿನ್ ಎಂಬ ತವರದ ವಿಷ ಇರುತ್ತಿತ್ತು. ಹೀಗೆ ಒಂದು ಜೀವ ಅಂಟಬಾರದೆಂದು ಬಳಿದದ್ದು, ಅಂಟಿಕೊಂಡೇ ಬದುಕಬೇಕಾದ ಇನ್ನೊಂದು ಜೀವವನ್ನು ಮುಗಿಸುತ್ತಿತ್ತು. ನೀರಿನಲ್ಲಿ ಅದರ ಪ್ರಮಾಣ ಅಳೆಯುವುದೇ ಕಷ್ಟವಾಗುವಷ್ಟು ಅತ್ಯಲ್ಪ. ಅಷ್ಟೇ ಸಾಕಾಯಿತು. ವಿಹಾರದವರು ಕೆಟ್ಟವರೇನಲ್ಲ. ಕೊಲ್ಲಿ ಚಂದವಿದೆ, ಸಿಂಪಿ ರುಚಿಯಿದೆ ಎಂದೇ ಬಂದವರು. ರಜೆ ಮುಗಿಸಿ ಅವರು ಹೋಗುತ್ತಿದ್ದರು, ಬಣ್ಣ ನೀರಿನಲ್ಲಿ ಉಳಿಯುತ್ತಿತ್ತು. ನಮ್ಮೂರಿನಲ್ಲಿ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದದ್ದನ್ನು, ಆ ವಾಸನೆಗೆ ನಾವು ಮೂಗು ಮುಚ್ಚಿ ಓಡುತ್ತಿದ್ದದ್ದನ್ನು ನೆನೆದು ಆ ವಾಸನೆಯ ಮೇಲೆ ಗೌರವ ಹುಟ್ಟಿತು.

1982ರ ಜನವರಿಯಲ್ಲಿ ಫ್ರಾನ್ಸ್ ಸರ್ಕಾರ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿತು. ಜಗತ್ತಿನಲ್ಲೇ ಇಂಥ ಮೊದಲ ಕ್ರಮಗಳಲ್ಲಿ ಅದೂ ಒಂದು. ಆ ವರ್ಷವೇ ಹೆಂಚಿನ ಮೇಲೆ ಮತ್ತೆ ಮರಿ ಕೂತವು. ದೊಡ್ಡ ಹಡಗುಗಳಿಗೂ ಸೇರಿ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ನಡುವಿನ ಇಪ್ಪತ್ತಾರು ವರ್ಷ ಯಾವ ಯಾವ ದೇಶದ ಬಂದರಿನಲ್ಲಿ ಏನೇನು ಸತ್ತಿತೋ!

ಆ ಮೂರು ನಾಲ್ಕು ವರ್ಷ ಹೇಗೆ ಕಳೆದಿರಿ ಎಂದು ಕೇಳಿದೆ. ಹೆಂಡತಿ ಹೋಟೆಲಿನಲ್ಲಿ ಪಾತ್ರೆ ತೊಳೆದರು, ತಾನು ಕಟ್ಟಿಗೆ ಕಡಿದೆ ಎಂದರು. ಊರು ಬಿಡುವುದು ಕಷ್ಟವಿರಲಿಲ್ಲ, ಮಾರಲು ಏನೂ ಇರಲಿಲ್ಲವಲ್ಲ. “ಮಾರುವ ಹಾಗಿದ್ದರೆ ಮಾರುತ್ತಿದ್ದೆ. ಇವತ್ತು ಇಲ್ಲಿ ಪ್ಯಾರಿಸಿನವರ ಬೇಸಿಗೆ ಮನೆ ಇರುತ್ತಿತ್ತು, ನೀವು ಬ್ರೆಡ್ಡು ತಿನ್ನುತ್ತಿರಲಿಲ್ಲ” ಎಂದು ಇವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. ಪಹಣಿ ಇಲ್ಲದ್ದೇ ಒಂದು ಕಾಪು ಎಂದು ನನಗೆ ಬ್ಯಾಂಕಿನಲ್ಲಿ ಯಾರೂ ಕಲಿಸಿರಲಿಲ್ಲ. ಪಕ್ಕದಲ್ಲೇ, ಮಾರಬಹುದಾದ ಜಾಗದಲ್ಲಿ, ಮನೆಗಳ ಬೆಲೆ ಕೋಟಿಗಳಲ್ಲಿದೆ ಎಂದು ಅಳಿಯಂದಿರು ಹೇಳಿದರು.

ಈಗ ಎಲ್ಲ ಸರಿಯಾಗಿದೆ ಎಂದುಕೊಳ್ಳಬೇಡಿ. 2023ರ ಡಿಸೆಂಬರ್ ಕೊನೆಯಲ್ಲಿ, ಭಾರಿ ಮಳೆಯ ನಂತರ, ವಾಂತಿಭೇದಿ ತರುವ ನೊರೊವೈರಸ್ ಸಿಂಪಿಯಲ್ಲಿ ಸಿಕ್ಕಿ ಕೊಲ್ಲಿಯ ಮಾರಾಟವನ್ನೇ ನಿಲ್ಲಿಸಿದರು. ಕ್ರಿಸ್‌ಮಸ್, ಹೊಸವರ್ಷದ ಹೊತ್ತೇ ಫ್ರಾನ್ಸಿನಲ್ಲಿ ಸಿಂಪಿಯ ಸುಗ್ಗಿ. ದೀಪಾವಳಿಯ ಹಿಂದಿನ ದಿನ ಪಟಾಕಿ ಅಂಗಡಿಗೆ ಬೀಗ ಹಾಕಿದ ಹಾಗೆ. ಆ ವೈರಸ್ಸು ಸಿಂಪಿಯದಲ್ಲ, ಮನುಷ್ಯರ ಕೊಳಚೆ ನೀರಿನದು. ಜನವರಿಯಲ್ಲಿ ನಿಷೇಧ ತೆಗೆದರೂ ಗಿರಾಕಿ ಹಿಂದಿರುಗಲು ಬಹಳ ದಿನ ಬೇಕಾಯಿತಂತೆ. ಆಗಲೇ ತಮ್ಮ ಮಗ ಕಸುಬು ಬಿಟ್ಟು ಬೋರ್ದೋ ಸೇರಿದ ಎಂದು ಹಿರಿಯರು ಹೇಳಿದರು. ಮೊಮ್ಮಗಳು ಮಾತ್ರ ಉಳಿದಿದ್ದಾಳೆ. ಇಪ್ಪತ್ತನಾಲ್ಕರ ಹುಡುಗಿ, ಮೊಣಕಾಲ ಮೇಲಿನ ತನಕ ರಬ್ಬರ್ ಬೂಟು ಹಾಕಿಕೊಂಡು ಅಂಗಳದಲ್ಲಿ ಚೀಲ ಹೊಲಿಯುತ್ತಿದ್ದಳು. ಪರವಾನಗಿಯನ್ನು ಅವಳ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.

ಹಿರಿಯರು ಪುಟ್ಟಿಯ ಕೈಗೆ ಒಂದು ಸುಣ್ಣದ ಹೆಂಚು ಕೊಟ್ಟರು. ಅದರ ಮೇಲೆ ರಾಗಿ ಕಾಳಿನಿಂದ ಹಿಡಿದು ಉಗುರಿನಷ್ಟರ ತನಕ ಕಂದು ಚುಕ್ಕೆಗಳು. ಆ ಬೇಸಿಗೆಯ ಮರಿಗಳು. ಅವಳು ಉಸಿರು ಬಿಗಿಹಿಡಿದು ಮುಟ್ಟಿದಳು. ಇವಳು ಕನ್ನಡಕ ಸರಿ ಮಾಡಿಕೊಂಡು, “ಅಲ್ಲ ಮಾರಾಯ್ರೆ, ಇಷ್ಟೂ ಜೀವವಾ?” ಎಂದಳು. ತಿನ್ನದವಳಿಗೆ ಆ ಹೆಂಚನ್ನು ವಾಪಸು ಕೊಡಲು ಮನಸ್ಸು ಬರಲಿಲ್ಲ.

ಮಾತಿನ ನಡುವೆಯೇ ಹಿರಿಯರು ಎದ್ದರು. ನಾವು ಬಂದಾಗ ಗುಡಿಸಲಿನ ಬುಡಕ್ಕೆ ತಾಗುತ್ತಿದ್ದ ನೀರು ಆಗಲೇ ಇಪ್ಪತ್ತು ಮಾರು ದೂರ ಸರಿದಿತ್ತು. ದೋಣಿಗಳು ಕೆಸರಿನಲ್ಲಿ ಒಂದು ಮಗ್ಗುಲಿಗೆ ಒರಗಿದ್ದವು. ದೂರದಲ್ಲಿ ಸಾಲು ಸಾಲಾಗಿ ಕಂಬದ ತುದಿಗಳು ತಲೆ ಎತ್ತಿದ್ದವು, ಒಬ್ಬೊಬ್ಬರ ಹೊಲಕ್ಕೆ ಬೇಲಿಯ ಹಾಗೆ. ಹೋಗಿ ಬನ್ನಿ ಎಂದು ಕೂಡ ಹೇಳದೆ ಅವರು ಬೂಟು ಹಾಕಿಕೊಂಡು ಹೊರಟರು. ಮೊಮ್ಮಗಳು ಆಳದ ನೀರಿನಲ್ಲಿ ನಿಂತಿದ್ದ ಚಪ್ಪಟೆ ದೋಣಿಯ ಎಂಜಿನ್ ಎಳೆದಳು. ತಾನೂ ಬರಲೇ ಎಂದು ಪುಟ್ಟಿ ಕೂಗಿದಳು. ಇಳಿತದಲ್ಲಿ ಕೆಲಸ, ಉಬ್ಬರದಲ್ಲಿ ನೆಂಟರು ಎಂದು ಆ ಹುಡುಗಿ ಕೈ ಬೀಸಿದಳು.

ಬೋರ್ದೋಗೆ ಹೋಗುವ ಬಸ್ಸಿಗೆ ಇನ್ನೂ ಹದಿನೈದು ನಿಮಿಷವಿತ್ತು. ಇವಳು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಪುಟ್ಟಿ ಹಲಗೆಯ ತುದಿಯಲ್ಲಿ ನಿಂತು ನೀರಿನಿಂದ ಮೇಲೇಳುತ್ತಿದ್ದ ಕಂಬಗಳನ್ನು ಎಣಿಸುತ್ತಿದ್ದಳು, ಫ್ರೆಂಚಿನಲ್ಲಿ. ಮೂವತ್ತರ ತನಕ ನನಗೂ ಅರ್ಥವಾಯಿತು.